ಹತ್ತೊಂಬತ್ತನೆಯ ಅಧ್ಯಾಯ

೩ ಜನವರಿ ೧೯೪೪, ಸೋಮವಾರ

ಇವತ್ತು ನಮ್ಮ ವಾಚನ ಕೂಟದಲ್ಲಿ ಪುಸ್ತಕದ ಆಯ್ಕೆ. ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ, ಗಂಡಸರಿಗೆ ಬಿಡುವು. ನಾನು ಸ್ಕೂಲು ಬಿಟ್ಟು ಭಜನೆ ಮನೆ ಜಗುಲಿಗೆ ಹೋಗುವ ಹೊತ್ತಿಗೆ ಇಪ್ಪತ್ತೈದು ಜನ ಕೂತಿದ್ದರು, ಹೆಂಗಸರು ಒಂದು ಪಕ್ಕಕ್ಕೆ. ಸೀಮೆಎಣ್ಣೆ ರೇಷನ್ ಕಾರ್ಡಿಗೆ ಸಿಗುವಷ್ಟೇ, ಆದ್ದರಿಂದ ಹಗಲ ಬೆಳಕು ಇರುವವರೆಗೆ ಮಾತ್ರ ಓದು. ಓದುವವನು ನಾನೊಬ್ಬನೇ. ಉಳಿದವರದು ಕಿವಿ ಮತ್ತು ಬಾಯಿ, ಅದರಲ್ಲಿ ಬಾಯಿಯೇ ಹೆಚ್ಚು.

ಬೆಂಗಳೂರಿನಿಂದ ತರಿಸಿದ ಮೂರು ಪುಸ್ತಕಗಳ ಮೊದಲ ಪುಟಗಳನ್ನು ಓದಿದೆ. ಒಂದು ಪತ್ತೇದಾರಿ, ಒಂದು ಸಾಧುವಿನ ಚರಿತ್ರೆ, ಇನ್ನೊಂದು ದಂಡಿಗೆ ಸೇರಿ ಯುದ್ಧಕ್ಕೆ ಹೋದ ಚನ್ನ ಎಂಬ ರೈತ ಹುಡುಗನ ಕಾದಂಬರಿ. ಬೇಕಾದ ಪುಸ್ತಕದ ಮುಂದೆ ಒಂದೊಂದು ಅವರೆಕಾಳು ಇಡುವುದು ನಮ್ಮ ಪದ್ಧತಿ. ಅಪ್ಪಯ್ಯಣ್ಣ ಸಾಧುವಿನ ಪರ, ಗೋಪಾಲಪ್ಪ ಅಪ್ಪಯ್ಯಣ್ಣನ ವಿರುದ್ಧ. ಇವರಿಬ್ಬರೂ ಅಕ್ಕಪಕ್ಕದ ಹೊಲದವರು, ಬದುವಿನ ಜಗಳವನ್ನು ಕೂಟಕ್ಕೂ ತರುತ್ತಾರೆ. ಸಾಧುವಿಗೂ ಚನ್ನನಿಗೂ ಒಂಬತ್ತೊಂಬತ್ತು ಕಾಳು ಬಿದ್ದವು. ಕೊನೆಗೆ ಉಳಿದವಳು ಪಿಳ್ಳಮ್ಮ.

“ಅದ್ರಾಗೆ ತಾಯಿ ಬತ್ತಾಳಾ ಮೇಷ್ಟ್ರೇ?” ಎಂದಳು.

“ಬರ್ತಾಳೆ” ಎಂದೆ. ಚನ್ನನ ಮುಂದೆ ಕಾಳು ಇಟ್ಟಳು.

ಪಿಳ್ಳಮ್ಮನಿಗೆ ಗಂಡ ಇಲ್ಲ. ಇರುವ ಒಬ್ಬ ಮಗ ರಾಮಾಂಜಿನಪ್ಪ ನನ್ನ ಶಿಷ್ಯ. ಅವನು ಮೆಚ್ಚಿದ ಬೂದಿಗೆರೆಯ ಹೆಣ್ಣನ್ನು ತಾಯಿ ಒಪ್ಪಲಿಲ್ಲವೆಂದು ಮುನಿದು ಎರಡು ವರ್ಷದ ಹಿಂದೆ ಮಿಲಿಟರಿಗೆ ಹೋದ. ಬರ್ಮಾ ಗಡಿಯಲ್ಲಿದ್ದಾನಂತೆ. ಅಂಚೆಯ ಕೆಲಸವೂ ನನ್ನ ತಲೆಯ ಮೇಲೇ ಇರುವುದರಿಂದ ಅವನ ಕಾಗದ ಕೊಡುವವನೂ ಓದಿ ಹೇಳುವವನೂ ನಾನೇ. ಈವರೆಗೆ ನಾಲ್ಕು ಬಂದಿವೆ. ಕೊನೆಯದು ಬಂದದ್ದು ದಸರೆಗೆ ಮುಂಚೆ.

ಕಾದಂಬರಿಯನ್ನು ನಾನಿನ್ನೂ ಅರ್ಧವಷ್ಟೇ ಓದಿದ್ದೇನೆ. ಶೈಲಿ ಸಾಧಾರಣ. ನಾನು ಬರೆದಿದ್ದರೆ ಇನ್ನೂ ಚೆನ್ನಾಗಿ ಬರೆಯುತ್ತಿದ್ದೆ.

೧೦ ಜನವರಿ, ಸೋಮವಾರ

ಮೊದಲ ಅಧ್ಯಾಯಕ್ಕೇ ರಂಪ. ಚನ್ನ ನಸುಕಿನಲ್ಲಿ ತಾಯಿಗೆ ಹೇಳದೆ ಮನೆ ಬಿಡುತ್ತಾನೆ. ತಾಯಿಯ ದುಃಖವನ್ನು ಎರಡು ಪುಟ ಓದಿದೆ, ಗಂಟಲು ಒಣಗಿತು. ಅಪ್ಪಯ್ಯಣ್ಣನ ತಲೆಯಲ್ಲಿ ಇದ್ದದ್ದೇ ಬೇರೆ.

“ಕೊಟ್ಟಿಗೇಲಿ ಎತ್ತು ಕಟ್ಟಿದ್ನಲ್ಲ, ನೀರು ಕುಡಿಸ್ದನಾ?”

“ಅದು ಕತೆ ಕಣಯ್ಯ, ನಿನ್ ಎತ್ತಲ್ಲ” ಎಂದ ಗೋಪಾಲಪ್ಪ.

“ಕತೇಲಿರೋ ಎತ್ತಿಗೆ ಬಾಯಾರಿಕೆ ಆಗಲ್ವಾ? ಎತ್ತಿಗೆ ನೀರು ತೋರಿಸ್ದೆ ಹೋದೋನು ಎಲ್ಲಿ ಉದ್ಧಾರ ಆಗ್ತಾನ್ಲಾ?”

ಬೆಳಕು ಹೋಗುವವರೆಗೂ ಎತ್ತಿನದೇ ಚರ್ಚೆ. ಬರೆದ ಮಹಾನುಭಾವ ಎತ್ತನ್ನು ಮರೆತಿದ್ದು ನಿಜ.

೧೭ ಜನವರಿ, ಸೋಮವಾರ

ಎರಡನೆಯ ಅಧ್ಯಾಯದ ಮೊದಲಲ್ಲಿ “ಪಕ್ಕದ ಮನೆಯವರು ಎತ್ತುಗಳನ್ನು ಬಿಚ್ಚಿ ಬಾವಿಗೆ ಹೊಡೆದುಕೊಂಡು ಹೋದರು” ಎಂದು ನಾನೇ ಒಂದು ಸಾಲು ಸೇರಿಸಿ ಓದಿದೆ. ಅಪ್ಪಯ್ಯಣ್ಣ “ಹಾಂ, ಹಂಗೆ ಬರೀಬೇಕು” ಎಂದು ತಲೆಯಾಡಿಸಿದ. ಓದು ಸಲೀಸಾಗಿ ಸಾಗಿತು, ಒಂದೇ ಸಂಜೆಗೆ ನಾಲ್ಕು ಅಧ್ಯಾಯ. ಅಕ್ಷರ ಬಾರದವರಿಗೆ ಓದಿ ಹೇಳುವವನು ಅಷ್ಟು ಚಾತುರ್ಯ ಇಟ್ಟುಕೊಳ್ಳಲೇಬೇಕು.

೩೧ ಜನವರಿ, ಸೋಮವಾರ

ಊರಿನವರಿಗೆ ಚನ್ನ ಈಗ ಕಥೆಯವನಲ್ಲ, ಪಕ್ಕದ ಬೀದಿಯವನು. ದಾರಿಯಲ್ಲಿ ಸಿಕ್ಕವರು “ಚನ್ನ ಎಲ್ಲಿಗೆ ಬಂದ ಮೇಷ್ಟ್ರೇ?” ಎನ್ನುತ್ತಾರೆ. ಮೊದಲು ನಗು ಬರುತ್ತಿತ್ತು.

ಪಿಳ್ಳಮ್ಮ ದಿನಾ ಹನ್ನೊಂದು ಗಂಟೆಗೆ, ನಂದಗುಡಿಯಿಂದ ಟಪಾಲು ಬರುವ ಹೊತ್ತಿಗೆ, ಸ್ಕೂಲಿನ ಬಾಗಿಲಲ್ಲಿ ನಿಲ್ಲುತ್ತಾಳೆ. ಒಳಗೆ ಬಾ ಎಂದರೆ ಬರುವುದಿಲ್ಲ. ನಾನು ಇಲ್ಲವೆಂದು ಕೈ ಆಡಿಸಿದರೆ ಹೋಗುತ್ತಾಳೆ. ಇವತ್ತು ಕೂಟದಲ್ಲಿ ಕೇಳಿದಳು: “ಚನ್ನ ಇರೋ ಬೆಟ್ಟದಾಗೆ ಹೊದಿಯೋಕೆ ಏನಾರ ಕೊಟ್ಟವ್ರಾ?”

ಕಂಬಳಿ ಕೊಟ್ಟಿದ್ದಾರೆ ಎಂದೆ. ಪುಸ್ತಕದಲ್ಲಿ ಕಂಬಳಿಯ ಮಾತಿಲ್ಲ. “ಹಂಗಾದ್ರೆ ನಮ್ಮೋನಿಗೂ ಕೊಟ್ಟಿರ್ತಾರೆ” ಎಂದು ಪಕ್ಕದವಳಿಗೆ ಹೇಳಿದಳು.

೨ ಫೆಬ್ರವರಿ, ಬುಧವಾರ

ಕೆಟ್ಟೆ. ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಚನ್ನ ಸಾಯುತ್ತಾನೆ. ಹೊಳೆ ದಾಟುವಾಗ, ಒಂದೇ ವಾಕ್ಯದಲ್ಲಿ. ಇಪ್ಪತ್ತನೆಯದರಲ್ಲಿ ಸರ್ಕಾರದ ಕಾಗದ ಬರುತ್ತದೆ, ತಾಯಿ ಅದನ್ನು ಓದಿಸುತ್ತಾಳೆ. ಪುಸ್ತಕ ಮುಗಿಯುತ್ತದೆ.

ಪೂರ್ತಿ ಓದದೆ ಪುಸ್ತಕವನ್ನು ಆಯ್ಕೆಗಿಟ್ಟದ್ದು ನನ್ನ ತಪ್ಪು. ಹತ್ತು ವರ್ಷದಿಂದ ಕೂಟ ನಡೆಸುವವನು ಮಾಡುವ ಕೆಲಸವಲ್ಲ. ಪಿಳ್ಳಮ್ಮನ ಮುಖ ನೋಡಿಕೊಂಡು ಇದನ್ನು ಹೇಗೆ ಓದಲಿ?

೧೪ ಫೆಬ್ರವರಿ, ಸೋಮವಾರ

ಗಂಟಲು ಕಟ್ಟಿದೆಯೆಂದು ಅರ್ಧ ಅಧ್ಯಾಯಕ್ಕೇ ನಿಲ್ಲಿಸಿದೆ. ಬೈದರು. ರಾಮಾಂಜಿನಪ್ಪನ ಕಾಗದ ಬಂದಿಲ್ಲ.

೨೫ ಫೆಬ್ರವರಿ, ಶುಕ್ರವಾರ

ಮೂರು ದಿನ ಕೂತು ಹೊಸ ಹತ್ತೊಂಬತ್ತನೆಯ ಅಧ್ಯಾಯ ಬರೆದೆ. ನನ್ನ ಚನ್ನನ ಕಾಲಿಗೆ ಗುಂಡು ತಗಲುತ್ತದೆ, ಹೊಳೆಯಲ್ಲಿ ಕೊಚ್ಚಿ ಹೋಗುತ್ತಾನೆ, ಎಲ್ಲರೂ ಸತ್ತನೆಂದುಕೊಳ್ಳುತ್ತಾರೆ. ಆದರೆ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು, ಪಕ್ಕದ ಮಂಚದವನ ಕೈಲಿ ತಾಯಿಗೆ ಕಾಗದ ಬರೆಸುತ್ತಾನೆ. ಕಾಗದವನ್ನು ಬರೆಯುವಾಗ ನನಗೇ ಕಣ್ಣು ತುಂಬಿತು.

ಇದು ಮೋಸವಲ್ಲ. ಕಹಿ ಔಷಧಿಗೆ ಬೆಲ್ಲ ಬೆರೆಸುವುದು ಮೋಸವೇ?

ನನ್ನವಳು ಗಂಗಲಕ್ಷ್ಮಮ್ಮ ಒಲೆಯ ಮುಂದಿನಿಂದಲೇ “ಮೂರು ದಿವಸದಿಂದ ಏನು ಅಷ್ಟೊಂದು ಬರೀತಿದೀರ?” ಎಂದಳು. ಇನ್‌ಸ್ಪೆಕ್ಟರಿಗೆ ವರದಿ ಎಂದೆ. ನನ್ನ ಕೈಯ ಹಾಳೆಗಳನ್ನು ಒಮ್ಮೆ ನೋಡಿ ಒಲೆಯ ಕಡೆ ತಿರುಗಿದಳು. ಅವಳು ಏನೂ ಹೇಳದಿದ್ದಾಗ ನನಗೆ ಹೆದರಿಕೆ.

೨೮ ಫೆಬ್ರವರಿ, ಸೋಮವಾರ

ಹಾಳೆಗಳನ್ನು ಪುಸ್ತಕದೊಳಗಿಟ್ಟು ಓದಿದೆ. ಏನು ಹೇಳಲಿ! ಇಪ್ಪತ್ತೈದು ಜನ ಉಸಿರು ಬಿಗಿಹಿಡಿದು ಕೂತಿದ್ದರು. ಚನ್ನ ಕೊಚ್ಚಿಹೋದಾಗ ಹೆಂಗಸರ ಕಡೆಯಿಂದ “ಅಯ್ಯೋ ಕಂದಾ” ಎಂಬ ಕೂಗು. ಕಾಗದ ಓದುವಾಗ ಅಪ್ಪಯ್ಯಣ್ಣ, ಬದುವಿಗೆ ಕಲ್ಲು ನೆಡುವಾಗ ಯಾರ ಮುಖವನ್ನೂ ನೋಡದ ಅಪ್ಪಯ್ಯಣ್ಣ, ಹೆಗಲ ವಲ್ಲಿಯ ತುದಿಯಿಂದ ಕಣ್ಣೊರೆಸಿಕೊಂಡ. “ಇಷ್ಟು ದಿನ ಒಣಕಲಾಗಿತ್ತು, ಈವತ್ತು ಬರ್ದವ್ನೆ ನೋಡು ನಿಜವಾಗ್ಲೂ!” ಎಂದ.

ಇವತ್ತು ಬರೆದವನು ಯಾರೆಂದು ಅವನಿಗೇನು ಗೊತ್ತು. ಮನೆಗೆ ನೆಲ ಮುಟ್ಟದೆ ನಡೆದು ಬಂದೆ.

ಪಿಳ್ಳಮ್ಮ ಹೋಗುವಾಗ ಕಾಲಿಗೆ ಬಿದ್ದಳು. ಅದೊಂದು ಬೇಡವಾಗಿತ್ತು.

೬ ಮಾರ್ಚ್, ಸೋಮವಾರ

ಕೊನೆಯ ಅಧ್ಯಾಯವನ್ನೂ ನಾನೇ ಬರೆದು, ಇವತ್ತು ಓದಿ ಮುಗಿಸಿದೆ. ಚನ್ನ ಊರಿಗೆ ಬಂದ, ತಾಯಿ ಆರತಿ ಎತ್ತಿದಳು. ಪಿಳ್ಳಮ್ಮ ಎಲ್ಲರಿಗೂ ಬೆಲ್ಲ ಹಂಚಿದಳು, ತನ್ನ ಮಗನೇ ಬಂದಂತೆ. ಮುಂದಿನ ವಾರ ಇಡೀ ಪುಸ್ತಕದ ಮೇಲೆ ಚರ್ಚೆ.

೧೩ ಮಾರ್ಚ್, ಸೋಮವಾರ

ಸಿಕ್ಕಿಬಿದ್ದೆ.

ಅಪ್ಪಯ್ಯಣ್ಣನ ಅಳಿಯ ಸಂಜೀವಪ್ಪ ಬೆಂಗಳೂರಿನ ಗಿರಣಿಯಲ್ಲಿ ಕೆಲಸ ಮಾಡುವವನು, ಹಬ್ಬಕ್ಕೆ ಹೆಂಡತಿಯನ್ನು ಬಿಡಲು ಬಂದಿದ್ದಾನೆ. ಅವನನ್ನೂ ಕೂಟಕ್ಕೆ ಕರೆತಂದಿದ್ದರು. ಮಾವ ಖುಷಿಯಲ್ಲಿ ಚನ್ನ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟದ್ದನ್ನು ಅಭಿನಯ ಸಮೇತ ಹೇಳಿದ. ಅಳಿಯ ನಕ್ಕ.

“ಅಲ್ಲ ಮಾವ, ಚನ್ನ ಸತ್ತೋಗ್ತಾನಲ್ಲ? ಈ ಪುಸ್ತಕ ನಮ್ಮ ಗಿರಣಿ ಹುಡುಗ್ರೆಲ್ಲ ಓದವ್ರೆ.”

ನಾನು ಪುಸ್ತಕದ ಮೇಲೆ ಕೈ ಇಡುವಷ್ಟರಲ್ಲಿ ಅವನು ಎತ್ತಿಕೊಂಡಿದ್ದ. ಹತ್ತೊಂಬತ್ತನೆಯ ಅಧ್ಯಾಯ ತೆಗೆದು, ಆ ಒಂದು ವಾಕ್ಯವನ್ನು ಗಟ್ಟಿಯಾಗಿ ಓದಿದ. ನನ್ನ ಹಾಳೆಗಳು ಕೆಳಗೆ ಬಿದ್ದವು. ನಾನು ಬಾಗಿ ಆರಿಸಿಕೊಂಡೆ.

ಆಮೇಲೆ ಎಲ್ಲರೂ ಒಟ್ಟಿಗೆ ಬಾಯಿ ಮಾಡಿದರು. ಗೋಪಾಲಪ್ಪ ನನ್ನ ಪರ ನಿಂತ: “ಅದ್ರಾಗೇನು ತಪ್ಪು? ಆಟದಾಗೆ ವೇಷದೋರು ತಮ್ ಮಾತು ಸೇರ್ಸಲ್ವಾ?”

“ವೇಷ ಹಾಕ್ಕೊಂಡು ಸೇರ್ಸ್ತಾರೆ, ನಮ್ಗೂ ಗೊತ್ತಿರ್ತದೆ!” ಎಂದು ಅಪ್ಪಯ್ಯಣ್ಣ ಎದ್ದು ನಿಂತ. “ನಾನು ಅತ್ತಿದ್ದೆ ಕಣಯ್ಯ! ನಮ್ಮಪ್ಪ ಸತ್ತಾಗ ಅಳ್ದೆ ಇದ್ದೋನು ಇಲ್ಲಿ ಅತ್ತಿದ್ದೆ. ನಮ್ಮನ್ನ ಏನಂದ್ಕೊಂಡವ್ರೆ ಇವ್ರು? ಅಕ್ಷರ ಬರಲ್ಲ ಅಂದ್ರೆ ಕುರೀನಾ?”

“ಸತ್ತ ಅಂತ ಓದಿದ್ರೆ ಚೆಂದಾಗಿರ್ತಿತ್ತಾ?” ಎಂದ ಗೋಪಾಲಪ್ಪ.

“ಚೆಂದ ಯಾರು ಕೇಳಿದ್ರು? ಇದ್ದಿದ್ದು ಕೇಳಿದ್ವಿ!”

ಪಿಳ್ಳಮ್ಮ ಎದ್ದು ನನ್ನ ಹತ್ತಿರ ಬಂದಳು. “ನನ್ ಮಗನ ಕಾಗದಗಳ್ನೂ ಹಿಂಗೇ ಓದಿದ್ರಾ ಮೇಷ್ಟ್ರೇ?”

ಇಲ್ಲ ಎನ್ನಬೇಕಿತ್ತು. ಬಾಯಿ ಬರಲಿಲ್ಲ. ಯಾಕೆಂದರೆ ಒಂದು ಕಾಗದದಲ್ಲಿ ಒಂದು ಸಾಲನ್ನು ನಾನು ಬಿಟ್ಟಿದ್ದೆ.

ಮನೆಗೆ ಬಂದರೆ ನನ್ನವಳು, “ನನಗೆ ಗೊತ್ತಿತ್ತು. ನೀವು ಸ್ಕೂಲಿಗೆ ಹೋದಾಗ ಪುಸ್ತಕ ನಾನೂ ಓದಿದ್ದೆ. ಬಾಯಿ ಬಿಡದೆ ಇದ್ದದ್ದು ನನ್ನ ತಪ್ಪು” ಎಂದಳು. ನನ್ನ ತಪ್ಪಿನ ಬಗ್ಗೆ ಏನೂ ಅನ್ನಲಿಲ್ಲ.

೧೪ ಮಾರ್ಚ್, ಮಂಗಳವಾರ

ಬೆಳಿಗ್ಗೆ ಪಿಳ್ಳಮ್ಮ ನಾಲ್ಕು ಕಾಗದಗಳನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು. “ಈಗ ಓದಿ” ಎಂದಳು, ಅಷ್ಟೇ.

ಓದಿದೆ. ಎರಡನೆಯದರಲ್ಲಿ ಆ ಸಾಲು ಬಂತು: “ಅವ್ವನಿಗೆ ಹೇಳಿ, ನಾನು ಸಂಬಳಕ್ಕಾಗಿ ಬಂದವನಲ್ಲ, ಅವಳ ಮುಖ ನೋಡಬಾರದು ಅಂತ ಬಂದವನು.” ಆಗ ಇದನ್ನು ಬಿಟ್ಟು, “ಅವ್ವ ಹುಷಾರಾಗಿರಲಿ” ಎಂದು ಓದಿದ್ದೆ.

ಅವಳು ಅಳಬಹುದು ಎಂದುಕೊಂಡೆ. ಅವಳ ಮುಖ ಅರಳಿದ ಹಾಗಾಯಿತು, ನಾನು ಸುಳ್ಳು ಬರೆಯುತ್ತಿಲ್ಲ.

“ಇವ್ನು ನನ್ ಮಗ” ಎಂದಳು. “ಹಿಂಗೇ ಒರಟು ಅವ್ನು. ನೀವು ಓದ್ತಿದ್ದೋನು ಯಾವನೋ ಸಾಧು. ಇಷ್ಟು ಮೆತ್ತಗೆ ಯಾವಾಗಾದ ಇವ್ನು, ಅಲ್ಲಿ ಹೊಡ್ದು ಬಡ್ದು ಏನಾರ ಮಾಡಿದ್ರಾ ಅಂತ ನನ್ ಜೀವ ಹೊಡ್ಕಂತಿತ್ತು.” ಕಾಗದದಲ್ಲಿ ಮಿಲಿಟರಿಯವರು ಮಸಿ ಬಳಿದು ಅಳಿಸಿದ ಸಾಲುಗಳ ಮೇಲೆ ಬೆರಳಾಡಿಸಿದಳು. “ಸರ್ಕಾರ್ದೋರು ಬಳ್ದಿದ್ದು ಕಣ್ಣಿಗೆ ಕಾಣ್ತದೆ ಮೇಷ್ಟ್ರೇ. ನೀವು ಬಳ್ದಿದ್ದು ಕಾಣಲ್ಲ.”

ಕಾಗದ ಸುತ್ತಿಕೊಂಡು ಹೋದಳು.

೨೦ ಮಾರ್ಚ್, ಸೋಮವಾರ

ಕೂಟ ಇಲ್ಲ. ಭಜನೆ ಮನೆ ಮುಂದೆ ಹಾದು ಬಂದೆ. ಜಗುಲಿಯ ಮೇಲೆ ಯಾರೋ ರಾಗಿ ಹರಡಿದ್ದರು.

೩೦ ಮಾರ್ಚ್, ಗುರುವಾರ

ಯುಗಾದಿಯೂ ಕಳೆಯಿತು. ಇವತ್ತು ಟಪಾಲಿನಲ್ಲಿ ಕಾಗದ ಬಂತು.

ಪಿಳ್ಳಮ್ಮ ಬಾಗಿಲಲ್ಲೇ ಇದ್ದಳು. ವಿಳಾಸ ನೋಡಿದೆ, ರಾಮಾಂಜಿನಪ್ಪನ ಕೈಬರಹವಲ್ಲ. ಒಡೆದು ಒಂದೇ ಉಸಿರಿಗೆ ಕಣ್ಣಾಡಿಸಿದೆ. ಬದುಕಿದ್ದಾನೆ! ಬಲಗೈಗೆ ಗುಂಡು ಬಿದ್ದು ಆಸ್ಪತ್ರೆಯಲ್ಲಿದ್ದಾನೆ, ಜೊತೆಯಲ್ಲಿರುವ ಚಿತ್ರದುರ್ಗದ ಕಡೆಯ ಒಬ್ಬರ ಕೈಲಿ ಬರೆಸಿದ್ದಾನೆ. ನಾನು ಮಕ್ಕಳ ಮುಂದೆಯೇ ಕೂಗಿಬಿಟ್ಟೆ. ಆಮೇಲೆ ಒಂದಕ್ಷರ ಬಿಡದೆ ಓದಿದೆ. “ಮಾತೃಶ್ರೀಯವರ ಪಾದಾರವಿಂದಗಳಲ್ಲಿ” ಎಂಬಲ್ಲಿಂದ “ಗುಣವಾದ ಕೂಡಲೇ ಬಂದು ದರ್ಶನ ಮಾಡುತ್ತೇನೆ” ಎಂಬಲ್ಲಿವರೆಗೆ.

ಓದುತ್ತಾ ಓದುತ್ತಾ ನನಗೇ ಗೊತ್ತಾಯಿತು, ಪಿಳ್ಳಮ್ಮ ಇದನ್ನು ಮೊದಲೇ ಎಲ್ಲಿ ಕೇಳಿದ್ದಾಳೆ ಎಂದು.

ಪಿಳ್ಳಮ್ಮ ನನ್ನ ಕೈಯಲ್ಲಿದ್ದ ಹಾಳೆಯನ್ನೇ ನೋಡಿದಳು. “ಇದು ಚನ್ನನ ಕಾಗದ” ಎಂದಳು.

“ಅಲ್ಲ ಪಿಳ್ಳಮ್ಮ, ದೇವರಾಣೆ, ಇದು ನಿನ್ನ ಮಗಂದೇ...”

“ಆಸ್ಪತ್ರೆ. ಪಕ್ಕದೋನ ಕೈಲಿ ಬರ್ಸಿದ್ದು. ಪಾದಾರವಿಂದ. ನನ್ ಮಗ ಹಿಂಗೆ ಮಾತಾಡಲ್ಲ, ನೀವೇ ಅವತ್ತು ಓದಿ ತೋರಿಸಿದ್ರಲ್ಲ.” ಕಾಗದ ಕಿತ್ತುಕೊಂಡು ಹಿಂದೆ ಮುಂದೆ ನೋಡಿದಳು. “ಅವ್ನು ಹೆಸ್ರಿಗೆ ಬರ್ಯೋ ‘ರಾ’ ನಂಗೆ ಗುರುತೈತೆ. ಇಲ್ಲಿಲ್ಲ. ಏನು ಬರ್ದೈತೆ ಇದ್ರಾಗೆ, ನಿಜ ಹೇಳ್ಬಿಡಿ.”

ನಿಜವನ್ನೇ ಹೇಳಿದ್ದೆ. ಇನ್ನೇನು ಹೇಳಲಿ?

೩೧ ಮಾರ್ಚ್, ಶುಕ್ರವಾರ

ಪಿಳ್ಳಮ್ಮನ ಮನೆಯಲ್ಲಿ ಒಲೆ ಹಚ್ಚಿಲ್ಲ. ಮಗ ಹೋದನೆಂದು ಕೂತಿದ್ದಾಳೆ. ಗೋಪಾಲಪ್ಪ ಹೋಗಿ ಹೇಳಿದ, ಅವನಿಗೆ ಓದು ಬರುವುದಿಲ್ಲ. ನನ್ನವಳು ಹೋಗಿ ಓದಿದಳು. “ನಿಮ್ ಯಜಮಾನ್ರು ಹೇಳ್ಕೊಟ್ಟಿದ್ದು ಓದ್ತೀರ ಅಮ್ಮಾರೆ” ಎಂದಳಂತೆ. ಶಾನುಭೋಗರ ಮನೆಯ ಹುಡುಗಿಯನ್ನು ಕರೆಸಿದರೆ, “ಈ ಊರಾಗೆ ಓದು ಬಂದೋರೆಲ್ಲ ಮೇಷ್ಟ್ರ ಶಿಷ್ಯರೇ ಅಲ್ವಾ” ಎಂದಳಂತೆ.

ಇಪ್ಪತ್ತೆರಡು ವರ್ಷ ಈ ಊರಿಗೆ ಅಕ್ಷರ ಕಲಿಸಿದೆ. ಅಷ್ಟನ್ನೂ ಒಂದು ಹಾಳೆಯಲ್ಲಿ ಹಾಳು ಮಾಡಿದೆ. ನಾನು ಬರೆದ ಹಾಳೆಗಳನ್ನು ಒಲೆಗೆ ಹಾಕಿದೆ, ನೋಡುತ್ತ ಕೂರಲಿಲ್ಲ.

೧ ಏಪ್ರಿಲ್, ಶನಿವಾರ

ಪಿಳ್ಳಮ್ಮ ಬೆಳಿಗ್ಗೆಯೇ ನಂದಗುಡಿಗೆ ನಡೆದು, ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸು ಹತ್ತಿ ಹೊಸಕೋಟೆಗೆ ಹೋದಳಂತೆ. ಗುರುತಿಲ್ಲದವರ ಕೈಲಿ ಓದಿಸಲು.

ನಾನೂ ಹೊರಟೆ. ನನ್ನವಳು ಬಾಗಿಲಿಗೆ ಅಡ್ಡ ನಿಂತಳು. “ನೀವು ಹೋದರೆ ಅಲ್ಲಿರೋರಿಗೂ ನೀವೇ ಹೇಳಿಕೊಟ್ರಿ ಅಂತಾರೆ. ಕೂತ್ಕೊಳಿ.” ಕೂತೆ. ಎರಡು ದಿನದಿಂದ ಏನೂ ತಿನ್ನದ ಹೆಂಗಸು ಪಿಳ್ಳಮ್ಮ. ಆ ಬಸ್ಸು ಏರಿನಲ್ಲೆಲ್ಲ ನಿಲ್ಲುತ್ತದೆ, ಇಳಿದು ತಳ್ಳಬೇಕು.

ಸಂಜೆ ಪಿಳ್ಳಮ್ಮನವರು ಹಿಂದಿರುಗಿದರಂತೆ. ಯಾರ ಹತ್ತಿರವೂ ಮಾತಾಡಿಲ್ಲ. ಒಲೆ ಹಚ್ಚಿದ್ದಾರೆ, ಹೊಗೆ ಕಂಡಿತು ಎಂದು ನನ್ನವಳು ಬಂದು ಹೇಳಿದಳು. ಆಮೇಲೆ ಇಬ್ಬರೂ ಊಟ ಮಾಡಿದೆವು.

೩ ಏಪ್ರಿಲ್, ಸೋಮವಾರ

ಹೋಗುವುದಿಲ್ಲವೆಂದು ಕೂತಿದ್ದೆ. ಅಪ್ಪಯ್ಯಣ್ಣನೇ ಮನೆ ಬಾಗಿಲಿಗೆ ಬಂದ. “ನಡೀರಿ, ಪಿಳ್ಳಮ್ಮ ಕರೀತಾಳೆ. ಅಮ್ಮಾರೂ ಬರ್ಬೇಕಂತೆ. ಪುಸ್ತಕ ತಗೊಳ್ಳಿ.” ನನ್ನ ಮುಖ ನೋಡಲಿಲ್ಲ.

ಜಗುಲಿ ತುಂಬಿತ್ತು. ಪಿಳ್ಳಮ್ಮನವರು ನಡುವೆ ಕೂತಿದ್ದರು.

“ಹೊಸಕೋಟೇಲಿ ಮೂರು ಜನಕ್ಕೆ ತೋರಿಸ್ದೆ” ಎಂದರು. “ಒಬ್ರು ಅಯ್ನೋರು, ಒಬ್ಬ ಕಂಡಕ್ಟ್ರು, ಒಬ್ಳು ಆಸ್ಪತ್ರೆ ದಾದಿ. ನನ್ ಮಗ ಸತ್ತವ್ನೆ, ಎಲ್ಲಿ ಹೆಂಗೆ ಸತ್ತ ಅಂತ ಓದಿ ಹೇಳಿ ಅಂದೆ. ಹಂಗಂದ್ರೆ ಯಾರೂ ಸಮಾಧಾನಕ್ಕೆ ಸುಳ್ಳು ಹೇಳೋಕಾಗಲ್ವಲ್ಲ. ಮೂರು ಜನಾನೂ ಬೈದ್ರು, ಬದುಕಿರೋ ಮಗನ್ನ ಸತ್ತ ಅಂತೀಯಲ್ಲಮ್ಮ, ನೀನೂ ಒಬ್ಳು ತಾಯಾ ಅಂತ.”

ಎಲ್ಲರೂ ನಕ್ಕರು, ಅವರೂ ನಕ್ಕರು. ನನಗೆ ನಗಲು ಆಗಲಿಲ್ಲ.

“ನನ್ ಮಗ ಬದುಕವ್ನೆ. ಈಗ ಚನ್ನಂದು ಓದಿ.”

“ಒಳ್ಳೇ ಸುದ್ದಿ ಬಂದ ಹೊತ್ತಾಗೆ ಅದ್ಯಾಕವ್ವ?” ಎಂದ ಗೋಪಾಲಪ್ಪ.

“ಅವ್ನಿಗೂ ಒಬ್ಳು ತಾಯಿ ಇದಾಳಲ್ಲ. ಅವ್ಳ ಮಗ ಸತ್ತು ಎಷ್ಟು ದಿನ ಆಯ್ತು, ನಾವು ಬೆಲ್ಲ ತಿಂದ್ಕೊಂಡು ಕೂತಿದ್ವಿ. ನನ್ ಸಲವಾಗಿ ಅವ್ಳ ಅಳು ಯಾಕೆ ನಿಲ್ಲಿಸ್ಬೇಕು?”

ಕತೆಯಲ್ಲವೇನವ್ವ ಎಂದು ಯಾರೂ ಅನ್ನಲಿಲ್ಲ, ಗೋಪಾಲಪ್ಪನೂ ಅನ್ನಲಿಲ್ಲ. ಅಪ್ಪಯ್ಯಣ್ಣ ಮಾತ್ರ ಒಂದು ಕಟ್ಟಳೆ ಹಾಕಿದ. ಇನ್ನು ಮೇಲೆ ನಾನು ಓದುವಾಗ ಅಮ್ಮಾರು ಪಕ್ಕದಲ್ಲಿ ಕೂತು ಸಾಲಿನ ಮೇಲೆ ಬೆರಳಿಡಬೇಕು. ಮೂರು ತಿಂಗಳ ಹಿಂದೆ ಹೀಗೆ ಅಂದಿದ್ದರೆ ನಾನು ಎದ್ದು ಬರುತ್ತಿದ್ದೆ. ಗಂಗಲಕ್ಷ್ಮಮ್ಮ ಬಂದು ಕೂತಳು. ಬೆರಳಿಟ್ಟಳು.

ಹತ್ತೊಂಬತ್ತನೆಯ ಅಧ್ಯಾಯ ಓದಿದೆ. ನಾಲ್ಕು ಪುಟ ಹೇಗೋ ಹೋಯಿತು. ಹೊಳೆಯ ದಡಕ್ಕೆ ಬಂದಾಗ ನನ್ನ ನಾಲಿಗೆ ತಾನಾಗಿ ಬೇರೆ ಮಾತು ಹುಡುಕತೊಡಗಿತು. ಬೆರಳು ಕದಲಲಿಲ್ಲ. ಪಿಳ್ಳಮ್ಮನವರು, “ಓದಿ ಮೇಷ್ಟ್ರೇ, ನಾನು ಇದೀನಿ” ಎಂದರು.

ಅವರು ನನಗೆ ಧೈರ್ಯ ಹೇಳಿದರು.

ಓದಿದೆ. ಒಂದೇ ವಾಕ್ಯ. ಪಿಳ್ಳಮ್ಮನವರು ತಲೆಗೂದಲು ಬಿಚ್ಚಿಕೊಂಡು, ಚನ್ನಾ ಎಂದು ಹೆಸರು ಹಿಡಿದು ಗಟ್ಟಿಯಾಗಿ ಅತ್ತರು, ಮನೆಯ ಮಗನಿಗೆ ಅಳುವ ಹಾಗೆ. ಹೆಂಗಸರೆಲ್ಲ ದನಿ ಕೂಡಿಸಿದರು. ಅಪ್ಪಯ್ಯಣ್ಣ ಗೋಡೆಗೆ ಮುಖ ಮಾಡಿ ನಿಂತ. ಚರ್ಚೆ ಆಗಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಪಿಳ್ಳಮ್ಮನವರು ಮೂಗೊರೆಸಿಕೊಂಡು, ಕೂದಲು ಗಂಟು ಹಾಕಿಕೊಂಡು, ಆಕಾಶ ನೋಡಿದರು.

“ಇನ್ನೂ ಬೆಳಕೈತೆ. ಅವ್ಳಿಗೆ ಕಾಗದ ಬರೋದೂ ಓದ್ಬಿಡಿ. ಒಬ್ಳೇ ಕೇಳೋದು ಬ್ಯಾಡ ಅವ್ಳು.”

ಓದಿದೆ. ಬರೆದದ್ದಷ್ಟನ್ನೇ ಓದಿದೆ.